ಕೈಬಿಡುವ ವಿದ್ಯೆ

ಕಸ್ತೂರಿ ಬಡಿಗೇರಳ ಬಲಗೈ ಆ ವರ್ಷ ನಾಲ್ಕು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಕೆಲಸ ಮಾಡುತ್ತಿತ್ತು. ಬೀದರಿನ ಒಂದು ಮನೆಯಲ್ಲಿ ಅದು ಹುಡುಗನೊಬ್ಬನಿಗೆ ಅಂಗಿಯ ಗುಂಡಿ ಹಾಕುವುದನ್ನು ಕಲಿಸುತ್ತಿದ್ದರೆ, ಅದೇ ಹೊತ್ತಿಗೆ ಕುಂದಾಪುರದಲ್ಲಿ ಇನ್ನೊಂದು ಮಗುವಿನ ಬೆರಳುಗಳನ್ನು ಚಮಚದ ಹಿಡಿಕೆಯ ಸುತ್ತ ಮಡಚುತ್ತಿತ್ತು. ಕಸ್ತೂರಿ ಮಾತ್ರ ಹುಬ್ಬಳ್ಳಿಯ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ, ಏಸಿ ಕೊರೆಯುವ ಹಾಲ್‌ನಲ್ಲಿ, ಎರಡೂ ಕೈಗಳನ್ನು ಶಾಲಿನೊಳಗೆ ಹುದುಗಿಸಿಕೊಂಡು ಪರದೆ ನೋಡುತ್ತ ಕೂತಿರುತ್ತಿದ್ದಳು.

ಅವಳು ಆಕ್ಯುಪೇಷನಲ್ ಥೆರಪಿಸ್ಟ್. ಕೈಕಾಲು ಬಿಗಿದುಕೊಂಡ, ಬುದ್ಧಿ ನಿಧಾನವಾದ, ಮಾತು ಬಾರದ ಮಕ್ಕಳಿಗೆ ಉಣ್ಣುವುದು, ಉಡುವುದು, ಪೆನ್ಸಿಲ್ ಹಿಡಿಯುವುದು ಕಲಿಸುವ ಕೆಲಸ. ಇಪ್ಪತ್ತು ವರ್ಷ ಅವಳು ಮಾಡಿದ್ದು ಒಂದೇ: ಮಗುವಿನ ಬಲಕ್ಕೆ, ಒಂದಿಷ್ಟು ಹಿಂದೆ ಕೂತು, ಅದರ ಕೈ ಮೇಲೆ ತನ್ನ ಕೈ ಇಡುವುದು. ಆರು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಕಂಪನಿಯವರು ಬಂದು, ಆ ಕೈಯನ್ನು ರೆಕಾರ್ಡ್ ಮಾಡಬಹುದೇ ಎಂದು ಕೇಳಿದರು. ಹನ್ನೊಂದು ತಿಂಗಳು ಅವಳು ತೆಳ್ಳನೆಯ ಕೈಗವಸು ತೊಟ್ಟು ಮಕ್ಕಳ ಜೊತೆ ಕೆಲಸ ಮಾಡಿದಳು. ಅವಳ ಬೆರಳು ಎಲ್ಲಿ ಎಷ್ಟು ಒತ್ತಿತು, ಯಾವ ಕಡೆ ಹೊರಳಿತು, ಎಲ್ಲವೂ ದಾಖಲಾಯಿತು. ಆ ದಾಖಲೆಯಿಂದ ಹುಟ್ಟಿದ್ದು ‘ಆಸರೆ’ ಎಂಬ ಆ್ಯಪ್. ಮಗುವಿನ ಕೈಗೊಂದು ಗವಸು, ತಾಯಿಯ ಮೊಬೈಲಿನಲ್ಲಿ ಆ್ಯಪ್. ಗವಸಿನೊಳಗಿನ ಕೂದಲೆಳೆಯಂಥ ದಾರಗಳು ಬಿಗಿದು ಸಡಿಲಾಗಿ ಮಗುವಿನ ಕೈಯನ್ನು ನಡೆಸುತ್ತಿದ್ದವು. ಕೈ ಎಷ್ಟು ಸೆಟೆದಿದೆ ಎಂದು ನೋಡಿ, ಅದಕ್ಕೆ ಹೊಂದುವ ಕಸ್ತೂರಿಯ ಹಿಡಿತವನ್ನು ಆ್ಯಪ್ ತಾನೇ ಹುಡುಕಿ ಕೊಡುತ್ತಿತ್ತು.

ಥೆರಪಿಸ್ಟ್ ಎಂಬ ಮನುಷ್ಯರನ್ನೇ ಕಾಣದ ಊರುಗಳಿಗೆ ಅದು ತಲುಪಿತು. ಒಳ್ಳೆಯದಾಯಿತೆಂದೇ ಕಸ್ತೂರಿ ನಂಬಿದ್ದಳು. ಆದರೆ ಮಕ್ಕಳನ್ನು ಕರೆದುಕೊಂಡು ಬರುವ ತಾಯಂದಿರು ಕಡಿಮೆಯಾದರು, ಆಮೇಲೆ ನಿಂತೇ ಹೋದರು. ಅವಳ ಥೆರಪಿ ಕೋಣೆಯ ಗಿಡ್ಡ ಮೇಜು, ಮಕ್ಕಳು ಬೆರಳಾಡಿಸುವ ಜೋಳದ ಟಬ್ಬು, ಮರದ ಮಣಿಗಳು ಯಾವುದೋ ಗೋದಾಮು ಸೇರಿದವು. ಕಂಪನಿಯವರು ಅವಳನ್ನು ತಮ್ಮ ನಿಗಾ ಕೋಣೆಗೆ ಹಾಕಿದರು. ಅಲ್ಲಿ ಒಂದೊಂದು ಮಗುವೂ ಪರದೆಯ ಮೇಲೊಂದು ಚುಕ್ಕಿ. ಹಸಿರಿದ್ದರೆ ಅಭ್ಯಾಸ ನಡೆದಿದೆ, ಹಳದಿಯಾದರೆ ತಡವರಿಸುತ್ತಿದೆ, ಕೆಂಪಾದರೆ ನಿಂತಿದೆ. ಕೆಂಪಾದ ಮನೆಗೆ ಸಿದ್ಧ ಉತ್ತರವೊಂದನ್ನು ಕಳಿಸುವುದು ಅವಳ ಕೆಲಸ.

ಸಂಜೆ ಕೇಶ್ವಾಪುರದ ಎರಡು ಕೋಣೆಯ ಮನೆಗೆ ಹೋಗುವಾಗ ಖಾನಾವಳಿಯಿಂದ ಎರಡು ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದಳು. ಮದುವೆ ಅವಳಿಗೆ ಕೂಡಿ ಬಂದಿರಲಿಲ್ಲ. ಬಂದ ಒಂದೆರಡನ್ನು ಅವಳೇ ಮುಂದೂಡಿದ್ದಳು. ಸೊಲ್ಲಾಪುರದ ಅಕ್ಕ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಬೆರಳ ಗೆಣ್ಣುಗಳು ಊದಿಕೊಳ್ಳತೊಡಗಿದ ಮೇಲೆ ಕಸ್ತೂರಿ ಡಾಕ್ಟರ ಬಳಿ ಹೋಗಿದ್ದಳು. ಡಾಕ್ಟರಮ್ಮ ಒಂದೊಂದೇ ಗೆಣ್ಣನ್ನು ಹಿಡಿದು, ಒತ್ತಿ, "ಇಲ್ಲಿ ನೋವೇನ್ರಿ? ಇಲ್ಲಿ?" ಎಂದು ಕೇಳಿದಾಗ ಅವಳು ನೋವಿಲ್ಲದ ಗೆಣ್ಣಿಗೂ ಹೂಂ ಎಂದಿದ್ದಳು. ಯಾರಾದರೂ ತನ್ನ ಕೈ ಹಿಡಿದು ಎಷ್ಟು ದಿನವಾಗಿತ್ತೆಂದು ಲೆಕ್ಕ ಹಾಕಲು ಹೋಗಿ, ಬೇಡವೆಂದು ಬಿಟ್ಟಳು.

ಆ ದಿನ ದೂರುಗಳ ಪೆಟ್ಟಿಗೆಯಲ್ಲಿ ಒಂದು ಧ್ವನಿ ಸಂದೇಶ ಬಂದಿತ್ತು.

"ಮೇಡಂ, ನಾ ಗುಳೇದಗುಡ್ಡದಿಂದ ನೀಲಮ್ಮ ಮಾತಾಡಾಕತ್ತೀನ್ರಿ. ನನ್ನ ಮಗಳು ಸಿಂಚನಾ, ಒಂಬತ್ತು ವರ್ಷದಾಕಿ, ಗ್ಲೌಸ್ ಬಿಚ್ಚಾಕ ಬಿಡವಲ್ಲಳ್ರಿ. ಮಲಗೂವಾಗೂ ಹಾಕ್ಕೊಂಡ ಮಲಗ್ತಾಳ. ಮುಂಗೈ ಹುಣ್ಣಾಗೇತ್ರಿ. ಡಾಕ್ಟರು ಬಿಚ್ಚಿಡ್ರಿ ಅಂತಾರ. ಬಿಚ್ಚಿದ್ರ ಅಕಿ ಅನ್ನ ನೀರು ಮುಟ್ಟೂದಿಲ್ರಿ, ಎರಡು ಹೊತ್ತು ನೋಡೀನಿ. ನಾ ಕೈ ಹಿಡಿದ್ರ ಝಾಡಿಸ್ತಾಳ. ಯಾರದೈತ್ರಿ ಆ ಕೈ? ಅವರಿಗೆ ಹೇಳಿ ನನ್ನ ಮಗಳ ಕೈ ಬಿಡಸ್ರಿ."

ಕಸ್ತೂರಿ ಅದನ್ನು ಮೂರು ಸಲ ಕೇಳಿದಳು. ನಿಯಮದ ಪ್ರಕಾರ ‘ಚರ್ಮದ ತೊಂದರೆ’ ಎಂದು ಗುರುತು ಹಾಕಿ ಮುಲಾಮಿನ ಸಲಹೆ ಕಳಿಸಬೇಕಿತ್ತು. ಅವಳು ಸಿಂಚನಾಳ ದಾಖಲೆ ತೆರೆದಳು. ಮೂರು ವರ್ಷದಿಂದ ಆ ಚುಕ್ಕಿ ಹಸಿರು. ಊಟ: ನೂರಕ್ಕೆ ತೊಂಬತ್ತನಾಲ್ಕು. ಪಕ್ಕದಲ್ಲಿ ‘ಅತ್ಯುತ್ತಮ’ ಎಂಬ ನಕ್ಷತ್ರ. ಗವಸಿಲ್ಲದೆ ಹುಡುಗಿ ಎಷ್ಟು ಮಾಡುತ್ತಾಳೆ ಎಂಬ ಅಂಕಣ ಖಾಲಿ. ಅದನ್ನು ಯಾರೂ ಅಳೆದಿರಲಿಲ್ಲ.

ಅವಳಿಗೆ ಕನಿಕರವಾಯಿತು, ಭಯವಾಯಿತು. ಇವೆರಡರ ಅಡಿಯಲ್ಲಿ ಇನ್ನೊಂದು ಭಾವವಿತ್ತು. ಅದನ್ನು ಅವಳು ಯಾರ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ. ಎಲ್ಲೋ ಒಂದು ಊರಿನಲ್ಲಿ ಒಂದು ಮಗು ತನ್ನ ಕೈಯನ್ನು ಬಿಡಲೊಲ್ಲದೆ ಹಿಡಿದುಕೊಂಡಿದೆ ಎಂಬ ಸಂತೋಷ ಅದು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕಸ್ತೂರಿ ಕಪಾಟಿನಿಂದ ದೊಡ್ಡ ಅಳತೆಯ ಒಂದು ಗವಸು ತೆಗೆದು ತಾನೇ ತೊಟ್ಟಳು. ಊಟದ ಪಾಠಗಳಲ್ಲಿ ಚಮಚದ್ದನ್ನು ಒತ್ತಿ, ಕೈಯನ್ನು ಕೂಸಿನ ಕೈಯಂತೆ ಸಡಿಲ ಬಿಟ್ಟಳು. ದಾರಗಳು ಮೆಲ್ಲಗೆ ಬಿಗಿದವು. ಹೆಬ್ಬೆರಳಿನ ಬುಡಕ್ಕೆ ಒಂದು ಒತ್ತು, ಕಿರುಬೆರಳನ್ನು ಎತ್ತುವ ಆ ಅಭ್ಯಾಸ... ಇದು ತನ್ನದೇ ಕೈ, ನೋವು ಶುರುವಾಗುವ ಮುಂಚಿನದು. ಅದು ಅವಳ ಕೈಯನ್ನು ಚಮಚಕ್ಕೆ ಒಯ್ದಿತು, ಬಾಯಿಗೆ ತಂದಿತು, ಮತ್ತೆ ತಟ್ಟೆಗೆ ಇಳಿಸಿತು. ಮತ್ತೆ ಚಮಚ, ಮತ್ತೆ ಬಾಯಿ.

ಏನೋ ಸರಿಯಿರಲಿಲ್ಲ. ನಾಲ್ಕನೆಯ ಸುತ್ತಿಗೆ ಅವಳಿಗೆ ತಿಳಿಯಿತು. ಈ ಕೈ ಕಾಯುವುದಿಲ್ಲ.

ಅವಳಾಗಿದ್ದರೆ ಚಮಚ ಹಿಡಿಸಿದ ಮೇಲೆ ಸುಮ್ಮನಾಗುತ್ತಿದ್ದಳು. ಹಿಡಿತ ಸಡಿಲಿಸಿ, ಎಂಟು ಸೆಕೆಂಡು, ಹತ್ತು ಸೆಕೆಂಡು, ಕೆಲವು ಮಕ್ಕಳ ಜೊತೆ ಇಡೀ ನಿಮಿಷ ಕಾಯುತ್ತಿದ್ದಳು. ಆ ಬಿಡುವಿನಲ್ಲಿ ಮಗುವಿನ ಮಣಿಕಟ್ಟು ನೀರೊಳಗಿನ ಮೀನಿನಂತೆ ಒಮ್ಮೆ ಮಿಸುಕುತ್ತಿತ್ತು. ಅದು ಮಗುವಿನ ಸ್ವಂತದ ಚಲನೆ. ಅದು ಬಂದೊಡನೆ ತನ್ನ ಬಲವನ್ನು ಕೂದಲೆಳೆಯಷ್ಟು ಹಿಂದೆಗೆಯುತ್ತಿದ್ದಳು. ಹೀಗೇ ತಿಂಗಳುಗಟ್ಟಲೆ ಬೆರಳಿನಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ ಸರಿಯುತ್ತ, ಕೊನೆಗೊಂದು ದಿನ ಪೂರ್ತಿ ಬಿಡುತ್ತಿದ್ದಳು. ಅವಳ ವಿದ್ಯೆಯೆಲ್ಲ ಇದ್ದದ್ದು ಆ ಬಿಡುವುದರಲ್ಲಿ. ಗವಸಿನೊಳಗೆ ಅದೊಂದೇ ಇರಲಿಲ್ಲ.

ದತ್ತಾಂಶ ವಿಭಾಗದ ಇಮ್ತಿಯಾಜ್ ಊಟ ಮುಗಿಸಿ ಬಂದಾಗ ಅವಳು ಇನ್ನೂ ಗವಸು ಬಿಚ್ಚಿರಲಿಲ್ಲ.

"ನಡುವ ನಾ ಸುಮ್ನ ಕಾಯ್ತಿದ್ನಲ್ಲ, ಅದು ಎಲ್ಲಿ ಹೋತು?" ಎಂದು ಕೇಳಿದಳು.

ಅವನು ಹಳೆಯ ಕಡತಗಳನ್ನು ತೆರೆದು ನೋಡಿದ. "ಮೇಡಂ, ಆವಾಗ ಸಾದಾ ಫೋನಿಗೆ ಅಷ್ಟು ದೊಡ್ಡ ಫೈಲ್ ಹೋಗ್ತಿರ್ಲಿಲ್ಲ. ಒತ್ತಡ ಸೊನ್ನೆ ಇರೋ ಭಾಗ ಎಲ್ಲಾ ಕತ್ತರಿಸ್ಯಾರ. ಖಾಲಿ ಡೇಟಾ ಅಂತ ಬರದಾರ ನೋಡ್ರಿ."

"ಎಷ್ಟು ಕತ್ತರಿಸ್ಯಾರ?"

"ನೂರಕ್ಕ ಅರವತ್ತೊಂದು."

"ಅದು ಖಾಲಿ ಅಲ್ಲಪಾ," ಎಂದಳು ಕಸ್ತೂರಿ. "ಅದ ಪಾಠ ಆಗಿತ್ತು."

ಇಮ್ತಿಯಾಜ್ ಬೇರೆ ಕಡತಗಳನ್ನೂ ತಡಕಿದ. ಅವನಿಗೂ ಒಬ್ಬ ಮಗನಿದ್ದ, ಆಗ ತಾನೇ ಅಪ್ಪನ ಕೈ ಹಿಡಿದು ಅಕ್ಷರ ತಿದ್ದುತ್ತಿದ್ದ. ಕತ್ತರಿಸಿದ ಭಾಗ ಎಲ್ಲೂ ಉಳಿದಿಲ್ಲ ಎಂದ. ಎಲ್ಲ ಮಕ್ಕಳ ಗವಸನ್ನೂ ಬದಲಿಸಲು ಕಂಪನಿಯ ಸಮಿತಿಯ ಒಪ್ಪಿಗೆ ಬೇಕು, ಹೊಸದಾಗಿ ರೆಕಾರ್ಡ್ ಮಾಡಬೇಕು ಎಂದ. ಹಾಗೆನ್ನುತ್ತ ಅವನ ಕಣ್ಣು ಅವಳ ಎಡಗೈಯ ಊದಿದ ಗೆಣ್ಣುಗಳ ಮೇಲೆ ಬಿತ್ತು. ಈ ಕೈಗಳಿಂದ ಅದು ಆಗುವಂತಿರಲಿಲ್ಲ. ಆಮೇಲೆ ಹೇಳಿದ: "ಒಂದು ಹುಡುಗಿ ಮಟ್ಟಿಗೆ ಆದ್ರ ಒಂದು ದಾರಿ ಐತ್ರಿ. ಎರಡು ಕೈ ಬೆರೆಸಬಹುದು. ತಾಯಿ ಕೈ ರೆಕಾರ್ಡ್ ಮಾಡ್ಕೊಂಡು, ದಿನಾ ನಿಮ್ಮ ಪಾಲು ಸ್ವಲ್ಪ ಕಡಿಮೆ, ಅವರ ಪಾಲು ಸ್ವಲ್ಪ ಜಾಸ್ತಿ. ಹುಡುಗಿಗೆ ಗೊತ್ತಾಗದಂಗ ಕೈ ಬದ್ಲಿ ಮಾಡಬಹುದು."

ಕಸ್ತೂರಿ ಮೂರು ವಾರ ರಜೆ ಬರೆದುಕೊಟ್ಟು ಗುಳೇದಗುಡ್ಡದ ಬಸ್ಸು ಹತ್ತಿದಳು.

ನೀಲಮ್ಮನ ಮನೆ ನೇಕಾರರ ಓಣಿಯಲ್ಲಿತ್ತು. ಓಣಿಯ ತುಂಬ ಮಗ್ಗದ ಸದ್ದು. ಗಂಡ ಲಾರಿಯ ಮೇಲೆ ಹೋದರೆ ಬರುವುದು ಮೂರು ವಾರಕ್ಕೊಮ್ಮೆ. ನೀಲಮ್ಮ ಮನೆಯಲ್ಲೇ ರವಿಕೆಯ ಖಣ ನೇಯುತ್ತಿದ್ದಳು. ತೆಳ್ಳಗಿನ ಹೆಂಗಸು, ಮಾತಿಗಿಂತ ಕೈ ಚುರುಕು. ಸಿಂಚನಾ ಕಿಟಕಿಯ ಪಕ್ಕ, ಎದೆಗೆ ಪಟ್ಟಿ ಕಟ್ಟಿದ ಕುರ್ಚಿಯಲ್ಲಿ ಕೂತಿದ್ದಳು. ಎರಡು ಜಡೆ, ಅಗಲ ಕಣ್ಣು. ಬಲಗೈಯ ಗವಸು ಮಾಸಿ ಬೂದಿಬಣ್ಣಕ್ಕೆ ತಿರುಗಿತ್ತು. ಅದರ ಅಂಚಿನಲ್ಲಿ ಚರ್ಮ ಕೆಂಪಗೆ ಕಿತ್ತು ಬಂದಿತ್ತು.

"ಬಿಚ್ಚರಿ," ಎಂದಳು ಕಸ್ತೂರಿ.

ನೀಲಮ್ಮ ಬಿಚ್ಚಿದಳು. ಹುಡುಗಿ ಚೀರಿದ ಚೀರಿಗೆ ಪಕ್ಕದ ಮನೆಯ ಮಗ್ಗ ನಿಂತಿತು. ಕಸ್ತೂರಿ ಮಗುವಿನ ಬಲಕ್ಕೆ, ಒಂದಿಷ್ಟು ಹಿಂದೆ ಕೂತು, ಆ ಪುಟ್ಟ ಕೈ ಮೇಲೆ ತನ್ನ ಕೈ ಇಟ್ಟಳು. ಹೆಬ್ಬೆರಳ ಬುಡಕ್ಕೆ ಒತ್ತು, ಕಿರುಬೆರಳು ಮೇಲಕ್ಕೆ. ಚೀರಾಟ ನಿಂತಿತು. ಹುಡುಗಿ ಉಸಿರು ಬಿಗಿಹಿಡಿದಂತೆ ಸುಮ್ಮನಾದಳು. ಕಸ್ತೂರಿಯೂ ಉಸಿರು ಬಿಗಿಹಿಡಿದಿದ್ದಳು. ಗುರುತು ಸಿಕ್ಕಿತೇನೋ ಎನ್ನುವಷ್ಟರಲ್ಲಿ ಗೆಣ್ಣು ನೋವಿಗೆ ಅವಳ ಬೆರಳು ಸಣ್ಣಗೆ ನಡುಗಿತು. ಸಿಂಚನಾ ತಿರುಗಿ ಆ ಕೈಯನ್ನು ನೋಡಿದಳು. ಗಂಟು ಗಂಟಾದ, ಬೆಚ್ಚಗಿನ, ಪರಕೀಯ ಕೈ. ಮೈಯೆಲ್ಲ ಸೆಟೆದು ಅದನ್ನು ಝಾಡಿಸಿ ಕೊಡವಿಹಾಕಿದಳು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಂ," ಎಂದಳು ನೀಲಮ್ಮ. "ನನಗೂ ಹಿಂಗ ಮಾಡ್ತಾಳ."

"ಅದು ನಂದ ಕೈ," ಎಂದಳು ಕಸ್ತೂರಿ. "ಗ್ಲೌಸಿನ್ಯಾಗ ಇರೋದು."

ನೀಲಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳ ಮುಖ ಬಿಗಿಯಿತು. "ನೀವಾ? ಮೂರು ವರ್ಷಾತ್ರಿ. ನನ್ನ ಮನ್ಯಾಗ ನನ್ನ ಮಗಳು ನಿಮ್ಮ ಕೈ ಹಿಡ್ಕೊಂಡ ಕೂತಾಳ. ಒಂದಿನಾರ ಬಂದು ನೋಡಬೇಕು ಅನಸಲಿಲ್ಲೇನ್ರಿ ನಿಮಗ?"

ಕಸ್ತೂರಿ ಬಿಚ್ಚಿಟ್ಟಿದ್ದ ಗವಸನ್ನು ಎತ್ತಿ ನೀಲಮ್ಮನ ಕೈಗೆ ಕೊಟ್ಟಳು. ಇಂಥ ಒಂದು ಮಗು ಇದೆಯೆಂದೇ ತನಗೆ ಗೊತ್ತಿರಲಿಲ್ಲ, ಹಸಿರು ಚುಕ್ಕಿಗಳ ಕಡೆ ಯಾರೂ ನೋಡುವುದಿಲ್ಲ ಎಂದು ಹೇಗೆ ಹೇಳುವುದು? ನೀಲಮ್ಮ ಮಗಳಿಗೆ ಮತ್ತೆ ಗವಸು ತೊಡಿಸಿದಳು. ಹುಡುಗಿ ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಇಬ್ಬರು ಹೆಂಗಸರೂ ಅದನ್ನು ನೋಡುತ್ತ ನಿಂತರು.

ಎರಡು ಕೈ ಬೆರೆಸುವ ಉಪಾಯ ತಿಳಿಸಿ ಕಸ್ತೂರಿ ಆ ಮನೆಯಲ್ಲೇ ಉಳಿದಳು. ಮರುದಿನದಿಂದ ಕೆಲಸ ಶುರುವಾಯಿತು. ಹುಣ್ಣಿಗೆ ಮುಲಾಮು ಹಚ್ಚಿ, ಮೆತ್ತನೆಯ ಬಟ್ಟೆ ಸುತ್ತಿ, ಮೇಲೆ ದೊಡ್ಡ ಅಳತೆಯ ಗವಸು. ರೆಕಾರ್ಡ್ ಮಾಡುವ ಗವಸನ್ನು ತೊಟ್ಟು, ನೀಲಮ್ಮ ಮಗಳ ಕೈಯನ್ನು ಗವಸಿನ ಮೇಲಿಂದಲೇ ಹಿಡಿದಳು, ಹಾಗೆ ಹಿಡಿದರೆ ಹುಡುಗಿ ಝಾಡಿಸಲಿಲ್ಲ. ಮೊಬೈಲಿನಲ್ಲಿ ಎರಡು ಹೆಸರು, ನಡುವೆ ಸರಿಸಬಹುದಾದ ಒಂದು ಗೆರೆ. ಕಸ್ತೂರಿ ತೊಂಬತ್ತು, ನೀಲಮ್ಮ ಹತ್ತು.

ಕಷ್ಟ ಬಂದದ್ದು ನೀಲಮ್ಮನ ಕೈಯಿಂದ. ಅದು ಮಗ್ಗದ ಲಾಳಿ ಎಸೆದು ಹಿಡಿದು ರೂಢಿಯಾದ ಕೈ. ರೊಟ್ಟಿ ಮುರಿದು, ಪಲ್ಯಕ್ಕೆ ಅದ್ದಿ, ಬಾಯಿಗಿಡುವುದು ಅವಳಿಗೆ ಎರಡು ಕ್ಷಣದ ಮಾತು. ಕಾಯಿರಿ ಎಂದರೆ ಒಂದು ಉಸಿರು ಕಾದು ಮುಂದೆ ಹೋಗುತ್ತಿದ್ದಳು.

ಕಸ್ತೂರಿ ಕೊನೆಗೆ ಅವಳ ಹಿಂದೆ ಕೂತು, ಅವಳ ಕೈ ಮೇಲೆ ತನ್ನ ಕೈ ಇಟ್ಟಳು. "ಈಗ ಸುಮ್ನಿರ್ರಿ."

"ಎಷ್ಟ ಹೊತ್ರಿ?"

"ಅಕಿ ಹೇಳೂತನಾ."

"ಅಕಿಗೆ ಮಾತ ಬರೂದಿಲ್ಲಲ್ರಿ."

"ಕೈ ಹೇಳತೈತಿ. ನಿಮ್ಮ ಕೈ ಸುಮ್ನಾದ್ರ ಕೇಳಸ್ತೈತಿ."

ಇಬ್ಬರೂ ಹಾಗೇ ಕೂತರು. ದಾರ ಎಳೆದೆಳೆದು ನೀಲಮ್ಮನ ತೋರುಬೆರಳ ಪಕ್ಕದಲ್ಲಿ ಗಟ್ಟಿ ಗೆರೆಯೊಂದು ಬಿದ್ದಿರುವುದು ಕಸ್ತೂರಿಗೆ ತಿಳಿಯಿತು. ತನ್ನ ಕೈಯ ಕೆಳಗೆ ಇನ್ನೊಂದು ಕೈ ನಿಧಾನವಾಗಿ ಬಿಗಿ ಬಿಟ್ಟು ಸಮಾಧಾನವಾಗುವುದನ್ನು ಅವಳು ವರ್ಷಗಳ ಮೇಲೆ ಮೊದಲ ಸಲ ಅನುಭವಿಸಿದಳು. ಬೇಕಾದುದಕ್ಕಿಂತ ಒಂದು ಕ್ಷಣ ಹೆಚ್ಚೇ ಇಟ್ಟುಕೊಂಡು, ಆಮೇಲೆ ಕೈ ತೆಗೆದಳು.

ಆರನೆಯ ದಿನ ಪಾಲು ಅರ್ಧಕ್ಕೆ ಬಂದಾಗ ಸಿಂಚನಾಳಿಗೆ ಗೊತ್ತಾಯಿತು. ತಟ್ಟೆ ದೂಡಿದಳು, ಗವಸಿನ ಕೈಯನ್ನು ಕುರ್ಚಿಗೆ ಬಡಿದಳು, ಮಧ್ಯಾಹ್ನದವರೆಗೆ ಒಂದು ತುತ್ತೂ ತಿನ್ನಲಿಲ್ಲ. ನೀಲಮ್ಮ ಅಳುತ್ತ ಬಂದಳು. "ಹಿಂದಿನಂಗ ಮಾಡ್ಬಿಡ್ರಿ ಮೇಡಂ. ಯಾರ ಕೈನಾರ ಇರಲಿ. ಅಕಿ ಉಂಡ್ರ ಸಾಕು ನನಗ."

ಮೊಬೈಲು ಕಸ್ತೂರಿಯ ಕೈಯಲ್ಲಿತ್ತು. ಬೆರಳಿನಿಂದ ಆ ಗೆರೆಯನ್ನು ಒಂದು ತುದಿಗೆ ಎಳೆದರೆ ಮುಗಿಯಿತು: ಹುಡುಗಿ ಗವಸನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ತಾಯಿಯೇ ಕೇಳುತ್ತಿದ್ದಾಳೆ. ತನ್ನ ಕೈ ಈ ಮನೆಯಲ್ಲಿ ಉಳಿಯುತ್ತದೆ. ಹಾಗೆ ಮಾಡಬೇಕೆಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ, ಆ ಆಸೆಗೇ ಹೆದರಿದಳು.

"ಪೂರ್ತಿ ಬ್ಯಾಡ," ಎಂದಳು. "ನನ್ನ ಪಾಲು ಎಪ್ಪತ್ತಕ್ಕ ಒಯ್ತೀನಿ. ಇವತ್ತ ಉಣ್ಣಲಿ. ನಾಳೆ ಮತ್ತ ಮುಂದ ಹೋಗೋಣು. ನೀವು ಅಳಬ್ಯಾಡ್ರಿ, ಅತ್ರ ಕೈ ನಡಗತೈತಿ. ಅಕಿಗೆ ಗೊತ್ತಾಗತೈತಿ."

ಹದಿನಾಲ್ಕನೆಯ ದಿನ ಪರದೆಯ ಮೇಲೆ ಕಸ್ತೂರಿಯ ಹೆಸರಿನ ಮುಂದೆ ಸೊನ್ನೆ ಬಂತು. ಸಿಂಚನಾ ಎಂದಿನಂತೆ ಉಂಡಳು. ಹದಿನಾರನೆಯ ದಿನ ಗವಸು ಬಿಚ್ಚಿದರು. ಹುಡುಗಿ ಮುಲುಗಿದಳು, ಚೀರಲಿಲ್ಲ. ನೀಲಮ್ಮ ತನ್ನ ಬರಿಗೈಯನ್ನು ಮಗಳ ಮಣಿಕಟ್ಟಿನಡಿ ಇಟ್ಟು, ರೊಟ್ಟಿಯವರೆಗೆ ಒಯ್ದು, ಸುಮ್ಮನಾದಳು.

ಕಸ್ತೂರಿ ಬಾಗಿಲ ಬಳಿ ನಿಂತು ಮನಸ್ಸಿನಲ್ಲೇ ಎಣಿಸಿದಳು. ಹತ್ತು. ಹದಿನೈದು. ಇಪ್ಪತ್ತು. ನೀಲಮ್ಮ ಅಲುಗಲಿಲ್ಲ. ಇಪ್ಪತ್ತಾರಕ್ಕೆ ಆ ಪುಟ್ಟ ಮಣಿಕಟ್ಟು ಮಿಸುಕಿತು. ಎರಡು ಬೆರಳು ರೊಟ್ಟಿಯ ಅಂಚನ್ನು ಹಿಡಿದವು, ಜಾರಿದವು, ಮತ್ತೆ ಹಿಡಿದವು. ಒಂದು ಚೂರು ಮುರಿಯಿತು. ಸೊಟ್ಟಸೊಟ್ಟವಾಗಿ ಬಾಯಿಗೆ ಹೋಗಿ, ಅರ್ಧ ಗದ್ದಕ್ಕೆ ಮೆತ್ತಿಕೊಂಡಿತು. ನೀಲಮ್ಮ ಮಗಳ ಮುಖವನ್ನೇ ನೋಡುತ್ತಿದ್ದಳು. ಬಾಗಿಲ ಕಡೆ ತಿರುಗಿ ನೋಡಬೇಕೆಂದು ಅವಳಿಗೆ ಹೊಳೆಯಲಿಲ್ಲ, ಹೊಳೆಯಬೇಕಾಗಿಯೂ ಇರಲಿಲ್ಲ. ಕಸ್ತೂರಿ ಒಳಗೆ ಹೋಗಿ ಬ್ಯಾಗು ತುಂಬಿಕೊಂಡಳು.

ಹೊರಡುವಾಗ ನೀಲಮ್ಮ ಕುಂಕುಮ ಹಚ್ಚಿ, ತಾನೇ ನೇಯ್ದ ಖಣವೊಂದನ್ನು ಕೈಗಿಟ್ಟಳು. "ಅವತ್ತ ಸಿಟ್ಟಿನಾಗ ಅಂದ್ನಿರಿ," ಎಂದಳು. ಸಿಂಚನಾ ಕಿಟಕಿಯಾಚೆ ಹೋಗುವ ಮೇಕೆಗಳನ್ನು ನೋಡುತ್ತಿದ್ದಳು. ಕಸ್ತೂರಿ ಕೈಬೀಸಿದ್ದು ಅವಳಿಗೆ ಕಾಣಲಿಲ್ಲ.

ಹುಬ್ಬಳ್ಳಿಗೆ ಬಂದು ಕಸ್ತೂರಿ ವರದಿ ಬರೆದಳು. ಇಮ್ತಿಯಾಜ್ ಅಂಕಿಅಂಶ ಸೇರಿಸಿದ. ಗವಸಿಲ್ಲದೆ ಮಕ್ಕಳನ್ನು ಅಳೆದು ನೋಡಿದಾಗ, ಹೆಚ್ಚಿನವರು ತಾವಾಗಿ ಏನೂ ಕಲಿತಿರಲಿಲ್ಲವೆಂದು ತಿಳಿದು, ಸಮಿತಿಯವರ ಮುಖ ಬಾಡಿತು. ನಾಲ್ಕು ತಿಂಗಳ ವಾದದ ಮೇಲೆ, ಕಾಯುವ ಹೊತ್ತನ್ನೂ ಸೇರಿಸಿ ಹೊಸದಾಗಿ ರೆಕಾರ್ಡ್ ಮಾಡುವುದೆಂದು ತೀರ್ಮಾನವಾಯಿತು. ಅದಕ್ಕೆ ಕಲಬುರಗಿಯಿಂದ ಭುವನೇಶ್ವರಿ ಎಂಬ ಮೂವತ್ತರ ಥೆರಪಿಸ್ಟ್ ಬಂದಳು. ಒಳ್ಳೆಯ ಕೈ, ಸ್ವಲ್ಪ ಅವಸರ. ಕಸ್ತೂರಿ ಎಂಟು ತಿಂಗಳು ಅವಳ ಪಕ್ಕ ಕೂತು, ಸುಮ್ಮನಿರುವುದನ್ನು ಕಲಿಸಿದಳು. ತನ್ನನ್ನು ಎಲ್ಲ ಮನೆಗಳಿಂದ ಹೊರಗೆ ಕರೆತರುವ ಕೆಲಸವನ್ನು ತಾನೇ ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಅದನ್ನು ಅಚ್ಚುಕಟ್ಟಾಗಿ ಮಾಡಿದಳು.

ಕೈ ಬದಲಾವಣೆ ಒಂದು ಬುಧವಾರ ಬೆಳಿಗ್ಗೆ ನಡೆಯಿತು. ಪರದೆಯ ಮೇಲೆ ಚುಕ್ಕಿಗಳು ಜಿಲ್ಲೆ ಜಿಲ್ಲೆಯಾಗಿ ಒಮ್ಮೆ ಆರಿ ಮತ್ತೆ ಹೊತ್ತಿದವು. ಬೀದರ್, ವಿಜಯಪುರ, ಗದಗ, ಉಡುಪಿ. ದಿನವಿಡೀ ಕಸ್ತೂರಿ ದೂರುಗಳ ಪೆಟ್ಟಿಗೆಯ ಮುಂದೆ ಕೂತಳು. ಯಾವುದಾದರೂ ಮಗು ಹೊಸ ಕೈಯನ್ನು ಒಲ್ಲೆ ಎನ್ನಬಹುದು, ಯಾರಾದರೂ ತಾಯಿ ಹಳೆಯ ಕೈ ಎಲ್ಲಿ ಎಂದು ಕೇಳಬಹುದು. ಸಂಜೆ ಆರಕ್ಕೆ ಇಮ್ತಿಯಾಜ್ ನಗುತ್ತ ಬಂದ.

"ಒಂದೂ ಕಂಪ್ಲೇಂಟ್ ಇಲ್ಲ ಮೇಡಂ! ಒಬ್ಬರಿಗೂ ಗೊತ್ತ ಆಗ್ಲಿಲ್ಲ."

"ಚಲೋ ಆತು," ಎಂದಳು ಕಸ್ತೂರಿ. ಶಾಲು ಹೊದ್ದು ಮೆಟ್ಟಿಲಿಳಿದಳು.

ಎರಡು ತಿಂಗಳ ಮೇಲೆ, ಒಂದು ಭಾನುವಾರ ಅವಳು ಒಲೆಯ ಮುಂದೆ ನಿಂತಿದ್ದಾಗ ಫೋನ್ ಬಂತು. ನೀಲಮ್ಮ.

"ಮೇಡಂ, ಇವತ್ತ ಸಿಂಚು ನನ್ನ ಕೈ ದೂಡಿದ್ಲರಿ."

ಕಸ್ತೂರಿ ಸೌಟು ಕೆಳಗಿಟ್ಟಳು. "ಮತ್ತ ಗ್ಲೌಸ್ ಬೇಕಂತಾಳೇನು?"

"ಇಲ್ರಿ. ತಾನ ತಿಂದ್ಲು. ಅರ್ಧಾ ರೊಟ್ಟಿ. ಮೈಮ್ಯಾಲೆಲ್ಲ ಪಲ್ಯ ಚೆಲ್ಲಿಕೊಂಡ್ಲು, ಆದ್ರ ತಾನ ತಿಂದ್ಲು. ನಾ ಹಿಡಿಯಾಕ ಹೋದ್ರ ದೂಡಿದ್ಲು." ನೀಲಮ್ಮ ನಕ್ಕಳು, ನಗು ಅರ್ಧದಲ್ಲಿ ಬೇರೇನೋ ಆಯಿತು. "ನನಗ ಖುಷಿ ಆಗಬೇಕಲ್ರಿ?"

"ಆಗತೈತಿ," ಎಂದಳು ಕಸ್ತೂರಿ. "ಸ್ವಲ್ಪ ದಿನ ಹಿಡಿತೈತಿ."

"ತಟ್ಟೆ ಮುಂದ ಕೂತಿದ್ನಿರಿ. ಈ ಕೈ ಎಲ್ಲಿ ಇಟ್ಕೋಬೇಕು ತಿಳೀಲಿಲ್ಲ."

ಕಸ್ತೂರಿ ಒಲೆ ಆರಿಸಿದಳು. ಗೋಡೆಗೊರಗಿ ನೆಲದ ಮೇಲೆ ಕೂತು, ಫೋನನ್ನು ಎರಡೂ ಕೈಯಿಂದ ಕಿವಿಗೆ ಹಿಡಿದುಕೊಂಡಳು. ಆ ಕಡೆ ನೀಲಮ್ಮ ಮೂಗೊರೆಸಿಕೊಂಡ ಸದ್ದು, ದೂರದಲ್ಲೊಂದು ಮಗ್ಗ. ಇಬ್ಬರೂ ಮಾತಾಡಲಿಲ್ಲ. ಇಬ್ಬರೂ ಫೋನ್ ಇಡಲಿಲ್ಲ.